ವೀರಗಲ್ಲಿಗೆ ಮೊದಲು ಓರೆ ಬೆಳಕು ಕೊಡಿ, ಕ್ವಿಜ್ ಆಮೇಲೆ ನಡೆಸಿ

ಮೇ 18, ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಹತ್ತಿರ ಬಂತೆಂದರೆ ಬೆಂಗಳೂರಿನ ಮ್ಯೂಸಿಯಂಗಳ ಕಾರ್ಯಕ್ರಮ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹಕ್ಕೂ ಹೆಚ್ಚುಕಮ್ಮಿ ಇದೇ ಪಟ್ಟಿ: ರಸಪ್ರಶ್ನೆ, ಚಿತ್ರಕಲಾ ಸ್ಪರ್ಧೆ, ಉಪನ್ಯಾಸ, ಫೋಟೊ ಪ್ರದರ್ಶನ. ತಪ್ಪೇನಿಲ್ಲ, ಆದರೆ ಇಷ್ಟನ್ನೂ ಯಾವ ಕಲ್ಯಾಣ ಮಂಟಪದಲ್ಲಾದರೂ ಮಾಡಬಹುದು. ಕಲ್ಲು ಇರುವ ಕಡೆಯೇ ನಡೆಯಬೇಕಾದದ್ದು ಶಾಸನ ಓದಿಸುವ ಕಾರ್ಯಕ್ರಮ. ಅದೇ ಪಟ್ಟಿಯಲ್ಲಿ ಅಪರೂಪ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆತಕೂರು ಶಾಸನವಿದೆ. ಕ್ರಿ.ಶ. 949-50ರದು, ಮದ್ದೂರು ಕಡೆಯ ವೀರಗಲ್ಲು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತದ್ದು ಅದರಲ್ಲಿದೆ. ಗಂಗರ ದೊರೆ ಬೂತುಗನಿಂದ ಅವನ ಕಡೆಯ ವೀರ ಮಣಲೆರ ಕೇಳಿ ಪಡೆದ ಕಾಳಿ ಎಂಬ ನಾಯಿಯ ಕಥೆಯೂ ಅದರಲ್ಲೇ ಇದೆ. ಕಾಳಿ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿ ಹಂದಿಯ ಕಾಳಗವನ್ನು ಕಲ್ಲಿನ ಮೇಲೇ ಕಡೆದಿದ್ದಾರೆ. ಇಂಥ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿದರೆ ಸಾಕು, ಕ್ವಿಜ್ ಮಾಸ್ಟರೇ ಬೇಡ.

ತೊಡಕಿರುವುದು ಬೆಳಕಿನಲ್ಲಿ. ಮೇಲಿನ ಟ್ಯೂಬ್‌ಲೈಟ್ ಅಥವಾ ಎದುರಿನ ಕಿಟಕಿಯ ಬೆಳಕು ಕಲ್ಲಿನ ಮೇಲೆ ಸಮನಾಗಿ ಬಿದ್ದರೆ ಗೀರಿನೊಳಗೆ ನೆರಳೇ ಹುಟ್ಟುವುದಿಲ್ಲ, ಅಕ್ಷರ ಸವೆದುಹೋಗಿದೆ ಅನ್ನಿಸುತ್ತದೆ. ಕೋಣೆ ಮಬ್ಬು ಮಾಡಿ, ಒಂದೇ ಒಂದು ಎಲ್‌ಇಡಿ ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ 10-15 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಅಕ್ಷರ ಎದ್ದು ಬರುತ್ತದೆ. ಪಕ್ಕದ ಬೆಳಕಿಗೆ ಲಂಬ ಗೀರುಗಳು ಚೆನ್ನಾಗಿ ಕಾಣುತ್ತವೆ, ಅಡ್ಡ ಗೀರುಗಳಿಗೆ ಟಾರ್ಚನ್ನು ಮೇಲಿನಿಂದ ಹಿಡಿಯಬೇಕು. ಹಾಗಾಗಿ ದೀಪವನ್ನು ಸ್ಟ್ಯಾಂಡಿಗೆ ಬಿಗಿಯದೆ ಕೈಯಲ್ಲಿ ಆಡಿಸುವುದೇ ಸರಿ. ತೀರಾ ಹತ್ತಿರ ಹಿಡಿದರೆ ಈ ಅಂಚು ಬೆಳ್ಳಗಾಗಿ ಆ ಅಂಚು ಕತ್ತಲಾಗುತ್ತದೆ, ಕಲ್ಲಿನ ಅಗಲದಷ್ಟಾದರೂ ದೂರ ಇರಲಿ. ಎರಡೂ ಕಡೆಯಿಂದ ದೀಪ ಇಟ್ಟರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಉತ್ಸಾಹಿ ಸ್ವಯಂಸೇವಕರು ಮಾಡುವ ಮೊದಲ ಎಡವಟ್ಟು ಇದೇ.

ಕಲ್ಲು ಬೆಳಕಿಗೆ ಹೆದರುವುದಿಲ್ಲ. ಜಲವರ್ಣ, ಬಟ್ಟೆ, ಹಳೆಯ ಫೋಟೊಗಳಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸಿನ ಮಿತಿ ಇದೆ. ಕಾಗದದ ಮೇಲಿನ ಕೃತಿಗಳ ಪ್ರದರ್ಶನ ಸಾಮಾನ್ಯವಾಗಿ ಕೆಲವೇ ತಿಂಗಳಿಗೆ ಮುಗಿಯುವುದೂ ಅದಕ್ಕೇ, ಬೆಳಕಿನ ಹಾನಿ ಸೇರುತ್ತಲೇ ಹೋಗುತ್ತದೆ, ವಾಪಸಾಗದು. (ಅಂಥ ಪ್ರದರ್ಶನ ನೋಡುವುದನ್ನು ಕೊನೆಯ ವಾರಕ್ಕೆ ಮುಂದೂಡಬೇಡಿ. ನಡುವೆಯೇ ಕೃತಿ ಬದಲಿಸುವುದೂ ಉಂಟು.) ವೀರಗಲ್ಲಿಗೆ ಈ ರಗಳೆ ಇಲ್ಲ, ವರ್ಷವಿಡೀ ಟಾರ್ಚ್ ಬಿಡಬಹುದು.

ಮಾಡಲೇಬಾರದ್ದೂ ಇದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಮೈದಾ, ವಿಭೂತಿ ತುಂಬಬೇಡಿ. ಪುಡಿ ಕಲ್ಲಿನ ರಂಧ್ರದಲ್ಲಿ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸುಣ್ಣ ತುಂಬಿದವನು ತನ್ನ ಊಹೆಯನ್ನೇ ಬರೆದಿರುತ್ತಾನೆ. ಅವನ ತಪ್ಪು ಓದು ಫೋಟೊದಲ್ಲಿ ಶಾಸನವಾಗಿಬಿಡುತ್ತದೆ.

ತಂಡಕ್ಕೆ ಹನ್ನೆರಡು ಜನ ಸಾಕು. ಮೂವತ್ತಾದರೆ ಅವರ ನೆರಳೇ ಕಲ್ಲನ್ನು ಮುಚ್ಚುತ್ತದೆ. ಎಲ್ಲರೂ ಟಾರ್ಚಿನ ಎದುರು ಬದಿಯಲ್ಲಿ ನಿಲ್ಲಲಿ. ನೆಲದಲ್ಲಿ ವೈರ್ ಹರಿಯದಂತೆ ಬ್ಯಾಟರಿ ದೀಪವೇ ಇರಲಿ. ಕೈಗೆ ಕೊಡುವ ಹಾಳೆಯಲ್ಲಿ ಪೂರ್ತಿ ಪಠ್ಯ ಬೇಡ, ಇಪ್ಪತ್ತು ಹಳೆಯ ಅಕ್ಷರಗಳು, ಪಕ್ಕದಲ್ಲಿ ಇಂದಿನ ರೂಪ, ಸಾಕು. ಆತಕೂರು ಶಾಸನ ಶುರುವಾಗುವುದೇ ‘ಸ್ವಸ್ತಿ’ಯಿಂದ, ಮೊದಲು ಅದನ್ನು ಹುಡುಕಿಸಿ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಇದನ್ನು ಮೊದಲೇ ಹೇಳದಿದ್ದರೆ ಎರಡನೇ ಸಾಲಿಗೆ ಜನ ಕೈಚೆಲ್ಲುತ್ತಾರೆ. ಇಂದು ಬಳಕೆಯಲ್ಲಿಲ್ಲದ ಹಳಗನ್ನಡದ ಱ, ೞ ಅಕ್ಷರಗಳು ಎದುರಾದಾಗ ಒಂದು ನಿಮಿಷ ನಿಲ್ಲಿ.

ಶಾಸನದ ಅಕ್ಷರಗಳ ಅಚ್ಚನ್ನು ಕಾಗದದ ಮೇಲೆ ತೆಗೆಯುವ ಕಮ್ಮಟ ಇಟ್ಟರೆ ಅಸಲಿ ಕಲ್ಲಿನ ಮೇಲೆ ಖಂಡಿತ ಬೇಡ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ತಂಡ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಅಂಥ ಸ್ಕ್ಯಾನಿನಿಂದ ಮಾಡಿದ ಪ್ರತಿಕೃತಿಯ ಮೇಲೆ ಎಷ್ಟು ಸಲ ಬೇಕಾದರೂ ಕಲಿಯಬಹುದು. ಕಾಗದವನ್ನು ನೀರಲ್ಲಿ ನೆನೆಸಿ ಮೇಲೆ ಹಾಸಿ, ನಡುವಿನಿಂದ ಅಂಚಿಗೆ ಬ್ರಷ್‌ನಿಂದ ತಟ್ಟುತ್ತಾ ಗಾಳಿಗುಳ್ಳೆ ಓಡಿಸಬೇಕು. ಕಾಗದ ಗೀರಿನೊಳಗೆ ಇಳಿದು, ಮುಕ್ಕಾಲು ಒಣಗಿದ ಮೇಲೆ ಬಟ್ಟೆಯುಂಡೆಯಿಂದ ಮಸಿಯನ್ನು ಹಗುರವಾಗಿ ಒತ್ತಬೇಕು. ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಹಸಿಯಿದ್ದಾಗಲೇ ಮಸಿ ಹಚ್ಚಿದರೆ ಹರಡುತ್ತದೆ, ಪೂರ್ತಿ ಒಣಗಲು ಬಿಟ್ಟರೆ ಕಾಗದ ತಾನೇ ಕಿತ್ತುಬರುತ್ತದೆ. ಬೆಂಗಳೂರಿನ ಮೇ ಬಿಸಿಲು ಬೇಗ ಒಣಗಿಸುತ್ತದೆ, ಫ್ಯಾನ್ ಆರಿಸಿ ನೆರಳಲ್ಲಿ ಮಾಡಿ.

ಇನ್ನು ಆಯೋಜಕರಿಗೆ: ಭಾನುವಾರ ಬೆಳಿಗ್ಗೆ ಇಡಿ, ನೋಂದಣಿ ಫಾರಂ ಕನ್ನಡದಲ್ಲೂ ಇರಲಿ, ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದು ಬರುವ ದಾರಿಯನ್ನು ಪೋಸ್ಟರಿನಲ್ಲೇ ಹಾಕಿ. ಟಾರ್ಚ್ ಮರೆತರೆ ಮೊಬೈಲಿನದ್ದೂ ಆದೀತು, ಪಕ್ಕದಿಂದ ಹಿಡಿದರೆ.