ಮೂಗು, ಮಾವ ಮತ್ತು ಟ್ಯೂಬ್‌ಲೈಟು

ಅಡುಗೆಮನೆ ಕಪಾಟಿನ ಬಾಗಿಲು ತೆಗೆದವರೇ ಮುಚ್ಚಬೇಕು ಅಂತ ಹದಿನೈದು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಕಳೆದ ಸೋಮವಾರ ಮೂಗು ಬಡಿದುಕೊಂಡೆ. ಕುಕ್ಕರ್ ಮೂರನೇ ಸಲ ಕೂಗಿತು, ಸರ್ರನೆ ತಿರುಗಿದೆ, ತೆರೆದ ಬಾಗಿಲಿನ ಅಂಚು ಮುಖಕ್ಕೇ ಬಂತು. ರಕ್ತ ನಿಂತ ಮೇಲೆ ಕನ್ನಡಿ ನೋಡಿದರೆ ಮೂಗಿನ ಜಾಗದಲ್ಲಿ ಆಲೂಬೋಂಡಾ.

ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಬರೆದುಕೊಟ್ಟರು. ತೆಗೆಸಿಕೊಂಡು ಬಂದೆ. ಆಮೇಲೆ ಆ ಫಿಲ್ಮು ನನ್ನದಾಗಿ ಉಳಿಯಲಿಲ್ಲ. ನಮ್ಮ ಮಾವ ಅದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, "ಗದ್ದಕ್ಕೇನೂ ಆಗಿಲ್ಲಮ್ಮಾ" ಎಂದರು. ಫಿಲ್ಮು ತಲೆಕೆಳಗಾಗಿತ್ತು. ಸರಿಯಾಗಿ ತಿರುಗಿಸಿದ ಮೇಲೆ ಒಂದು ಗೆರೆ ಸಿಕ್ಕಿತು. "ನೋಡು, ಇಲ್ಲೇ ಸೀಳಿರೋದು!" ಇಸ್ತ್ರಿಯವನು ಬಂದಾಗ ಎರಡನೆಯದು ಸಿಕ್ಕಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೆನ್ನಿನ ತುದಿಯಿಂದ ಮೂರನೆಯದನ್ನು ತೋರಿಸಿದರು. ಸಂಜೆ ಹೊತ್ತಿಗೆ ನನ್ನ ಮೂಗು ಮೂರು ಕಡೆ ಮುರಿದಿತ್ತು. ಮೂಗು ಹೊತ್ತವಳನ್ನು ಮಾತ್ರ ಯಾರೂ ಕೇಳಲಿಲ್ಲ. ಸುಮ್ನೆ ಎಲ್ಲರಿಗೂ ಕಾಫಿ ಮಾಡಿದೆ.

ನಾಲ್ಕನೇ ದಿನ, ಊತ ಸ್ವಲ್ಪ ಇಳಿದ ಮೇಲೆ, ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ಕವರನ್ನೇ ಬಿಚ್ಚಲಿಲ್ಲ! ಮೂಗನ್ನು ಬೆರಳಲ್ಲಿ ಒತ್ತಿ ನೋಡಿದರು. ನಡುಗೋಡೆಯಲ್ಲಿ ರಕ್ತ ಕಟ್ಟಿದೆಯಾ ಅಂತ ಒಳಗೆ ಬೆಳಕು ಬಿಟ್ಟರು. ಕಟ್ಟಿದ್ದರೆ ತಕ್ಷಣ ತೆಗೀಬೇಕಂತೆ. ಮೂಗಿನ ಮೇಲ್ಭಾಗ ಮಾತ್ರ ಗಟ್ಟಿ ಮೂಳೆ, ಕೆಳಗಿನ ಮೆತ್ತನೆಯದು ಎಕ್ಸ್‌ರೇಯಲ್ಲಿ ಕಾಣೋದೇ ಇಲ್ಲ, ಮೂಳೆಗಳು ಕೂಡುವ ಗೆರೆಯೂ ಬಿರುಕಿನ ಹಾಗೇ ಕಾಣುತ್ತೆ ಎಂದರು. ಕೆನ್ನೆ, ಕಣ್ಣಿನ ಸುತ್ತಲ ಮೂಳೆಯ ಮೇಲೆ ಅನುಮಾನ ಬಂದರೆ ಸಿಟಿ ಸ್ಕ್ಯಾನ್. ಮೂಗು ಸೊಟ್ಟಗಾಗಿದ್ದರೆ ಎರಡು ವಾರದೊಳಗೆ ಕೂರಿಸಬೇಕು, ಆಮೇಲೆ ಹಾಗೇ ಗಟ್ಟಿಯಾಗಿಬಿಡುತ್ತೆ. ಹಾಗಾದರೆ ಎಕ್ಸ್‌ರೇ ದುಡ್ಡು ಯಾಕೆ ಕೊಟ್ಟೆ ಸ್ವಾಮಿ?

"ಹಳೇ ಫೋಟೋ ಇದೆಯಾ?" ಎಂದರು. ಆಧಾರ್ ಕಾರ್ಡು ಕೊಟ್ಟೆ. ನೋಡಿ, "ಇದೂ ಪೆಟ್ಟು ಬಿದ್ದ ಮೇಲೆ ತೆಗೆಸಿದ್ದಾ?" ಅಂದರು.

ಮೊಬೈಲಿನಲ್ಲಿ ಹುಡುಕಿದೆ. ಅಪ್ಪನ ಜೊತೆ ನಿಂತ ಒಂದು ಫೋಟೋ ಸಿಕ್ಕಿತು. ಡಾಕ್ಟರು ದೊಡ್ಡದು ಮಾಡಿ ನೋಡಿದರು. ಅಪ್ಪನ ಮೂಗು ಚೂರು ಎಡಕ್ಕೆ ವಾಲಿತ್ತು. ನನ್ನದೂ ಅಷ್ಟೇ. ಅಪ್ಪ ಇದ್ದಾಗ ಅದನ್ನು ಗಮನಿಸಿಯೇ ಇರಲಿಲ್ಲ. "ಹುಟ್ಟಿದಾಗಿಂದ ಹೀಗೇ ಇದೆ, ಮುಟ್ಟೋದು ಬೇಡ" ಎಂದರು ಡಾಕ್ಟರು.

ಮನೆಗೆ ಬಂದು ಹೇಳಿದೆ. "ಫಿಲ್ಮ್ ನೋಡ್ಲೇ ಇಲ್ವಾ? ಎಂಥಾ ಡಾಕ್ಟರೋ!" ಅಂತ ಮಾವ ಕಾಫಿಪುಡಿ ಡಬ್ಬಿ ಕೈಯಲ್ಲಿ ಹಿಡಿದೇ ಟ್ಯೂಬ್‌ಲೈಟಿನ ಕಡೆ ನಡೆದರು. ಅವರ ಹಿಂದೆ ಕಪಾಟಿನ ಬಾಗಿಲು ಅಗಲವಾಗಿ ತೆರೆದಿತ್ತು.