ನಾಲ್ಕು ಹೆಸರು, ಒಂದು ಪಂಪ್‌ಸೆಟ್

ಹೋದ ತಿಂಗಳು ಡೆನ್ಮಾರ್ಕಿನ ನಮ್ಮ ಕಂಪನಿಗೆ ಇಲ್ಲಿಯ ಆಲ್ಬೋರ್ಗ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಪ್ರಾಜೆಕ್ಟ್ ಕೆಲಸಕ್ಕೆ ಬಂದಿದ್ದರು. ಕಾಫಿ ಕುಡಿಯುವಾಗ (ಡೆನ್ಮಾರ್ಕಿನ ಕಾಫಿ ಬಗ್ಗೆ ಹಾಸನದವನು ಬಾಯಿ ಬಿಡದಿರುವುದೇ ಒಳ್ಳೇದು) ಒಬ್ಬಳು ನನ್ನ ಕಾಲೇಜಿನ ಪ್ರಾಜೆಕ್ಟ್ ಯಾವುದಿತ್ತು ಅಂತ ಕೇಳಿದಳು. "ಮೊಬೈಲ್‌ನಿಂದ ಪಂಪ್‌ಸೆಟ್ ಆನ್ ಮಾಡೋದು" ಅಂದೆ, ಸ್ವಲ್ಪ ಜಂಬದಲ್ಲೇ. "ಯಾವ ರೈತರ ಹತ್ತಿರ ಹಾಕಿ ನೋಡಿದ್ರಿ?" ಅಂದಳು.

ಬಾಯಿ ಕಟ್ಟಿಹೋಯಿತು.

2008ರಲ್ಲಿ ಹಾಸನದಲ್ಲಿ ನನ್ನ ಇಂಜಿನಿಯರಿಂಗ್ ಫೈನಲ್ ಇಯರ್. ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಸಾಲಾಗಿ ಬಂದಿದ್ದಕ್ಕೆ ನಾವು ನಾಲ್ವರು ಒಂದು ಗುಂಪು, ಬೇರೆ ಕಾರಣ ಇರಲಿಲ್ಲ. ಕಿಟ್ ಬೆಂಗಳೂರಿನಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಸೆಂಟರಿನದು. ಒಬ್ಬನಿಗೆ ಸರ್ಕ್ಯೂಟ್ ಅರ್ಥವಾಗಿತ್ತು, ಒಬ್ಬನ ಹತ್ತಿರ ಬೈಕಿತ್ತು, ಇನ್ನೊಬ್ಬ ದುಡ್ಡು ಸೇರಿಸಿದ, ನಾನು ರಿಪೋರ್ಟ್ ಟೈಪ್ ಮಾಡಿ ಬೈಂಡಿಂಗ್ ಮಾಡಿಸಿದೆ. ವೈವಾದಲ್ಲಿ ಫೋನಿನ ಗುಂಡಿ ಒತ್ತಿದರೆ ಪಂಪಿನ ಬದಲು ಒಂದು ಬಲ್ಬು ಹತ್ತಿತು. ಹೊರಗಿನಿಂದ ಬಂದ ಪರೀಕ್ಷಕರು ತಲೆಯಾಡಿಸಿದರು. ಮುಗೀತು.

ಆಗ ಆಲೂರಿನ ಹತ್ತಿರದ ನಮ್ಮ ತೋಟದಲ್ಲಿ ಅಪ್ಪ, ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರುತ್ತಿದ್ದುದೇ ರಾತ್ರಿ ಎರಡಕ್ಕಾದ್ದರಿಂದ, ಟಾರ್ಚ್ ಹಿಡಿದುಕೊಂಡು ಸ್ಟಾರ್ಟರ್ ಒತ್ತಲು ಹೋಗುತ್ತಿದ್ದರು. ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಆನ್ ಆಗೋದು ದೊಡ್ಡದಲ್ಲ ಕಣೋ, ಬಾವಿ ಖಾಲಿಯಾದ ಮೇಲೂ ಓಡಿದರೆ ಮೋಟರ್ ಸುಡುತ್ತೆ, ರಿವೈಂಡಿಂಗ್ ದುಡ್ಡು ಯಾರು ಕೊಡ್ತಾರೆ ಅಂತ.

ಆಲ್ಬೋರ್ಗ್ ವಿಶ್ವವಿದ್ಯಾಲಯ ಶುರುವಾಗಿದ್ದು 1974ರಲ್ಲಿ. ಅಲ್ಲಿ ಮೊದಲ ಸೆಮಿಸ್ಟರಿನಿಂದಲೇ ಗುಂಪು ಪ್ರಾಜೆಕ್ಟ್, ಓದಿನಲ್ಲಿ ಸುಮಾರು ಅರ್ಧ ಪಾಲು ಅದಕ್ಕೇ. ಪರೀಕ್ಷೆಗೂ ಗುಂಪಾಗಿಯೇ ಕೂರುತ್ತಾರೆ, ಅಂಕ ಮಾತ್ರ ಅವರವರದು. ಇದೆಲ್ಲ ಸರಿ. ನನಗೆ ಹಿಡಿಸಿದ್ದು ಬೇರೆ. ನಮ್ಮ ಕಂಪನಿಗೆ ಬಂದ ಈ ಗುಂಪಿನಲ್ಲಿ ಇನ್ನೂ ಇಬ್ಬರಿದ್ದರು, ಇನ್ನೊಂದು ದೇಶದ ವಿಶ್ವವಿದ್ಯಾಲಯದವರು, ವಾರಕ್ಕೊಮ್ಮೆ ಲ್ಯಾಪ್‌ಟಾಪಿನಲ್ಲಿ ಸಿಗುವವರು. ಡ್ರಾಯಿಂಗ್ ಇಲ್ಲಿಯವರದು, ಸೆನ್ಸರ್ ಕೂರಿಸುವ ಬ್ರಾಕೆಟ್ ಮಾಡಿಸಿದ್ದು ಅಲ್ಲಿಯವರು. ಪಾರ್ಸೆಲ್ ಬಿಚ್ಚಿ ಹಿಡಿದು ನೋಡಿದರೆ ಬೋಲ್ಟಿನ ತೂತು 3 ಮಿಲಿಮೀಟರ್ ಆಚೆ. ಅಳತೆ ಅಂಚಿನಿಂದಲೋ ಮಧ್ಯದಿಂದಲೋ ಅಂತ ಯಾರೂ ಬರೆದೇ ಇರಲಿಲ್ಲ! ಒಂದು ಗಂಟೆ ಜಗಳ. ಆಮೇಲೆ ಆರೂ ಜನ ಕೂತು ಡ್ರಾಯಿಂಗ್ ಮತ್ತೆ ಬರೆದರು.

ಪಕ್ಕದ ಬೆಂಚಿನವನೇ ಮಾಡಿದ್ದರೆ "ಅಡ್ಜಸ್ಟ್ ಮಾಡ್ಕೋ ಮಗಾ" ಅಂದು ಅರ ಹಾಕಿ ಉಜ್ಜಿಬಿಡುತ್ತಿದ್ದೆವು. ಕಾಣದವನಿಗೆ ಬಿಡಿಸಿ ಬರೆದೇ ಹೇಳಬೇಕು, ಅವನ ಮುಂದೆ ಸುಮ್ನೆ ಹೆಸರು ಹಾಕಿಸಿಕೊಂಡು ಕೂರೋಕೆ ಆಗಲ್ಲ.

ಇದಕ್ಕೆ ಡೆನ್ಮಾರ್ಕೇ ಆಗಬೇಕಾ? ಹಾಸನದ ಪಕ್ಕದಲ್ಲೇ ಕಾರೆಕೆರೆ ಕೃಷಿ ಕಾಲೇಜಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಬಾಳೆಹೊನ್ನೂರಿನಲ್ಲಿ 1925ರಷ್ಟು ಹಳೆಯ ಕಾಫಿ ಸಂಶೋಧನಾ ಕೇಂದ್ರ. ಕಣದಲ್ಲಿ ಹರವಿದ ಕಾಫಿ ಒಣಗಿತೋ ಇಲ್ಲವೋ ಅಂತ ಈಗಲೂ ಬೀಜ ಕಚ್ಚಿ ನೋಡುವವರಿದ್ದಾರೆ. ಕೃಷಿಯವರು ಇಬ್ಬರು, ಎಲೆಕ್ಟ್ರಾನಿಕ್ಸ್‌ನವರು ಇಬ್ಬರು ಸೇರಿದರೆ ಒಂದು ವರ್ಷಕ್ಕಾಗುವಷ್ಟು ಕೆಲಸ ಅಲ್ಲೇ ಇದೆ. ನಮ್ಮ ಬ್ಯಾಚಿನವರು ಒಬ್ಬರೂ ಕಾರೆಕೆರೆಯ ಗೇಟು ದಾಟಲಿಲ್ಲ.

ಡೆನ್ಮಾರ್ಕಿನದೆಲ್ಲ ಚಿನ್ನವೇನಲ್ಲ, ಬಿಡಿ. ಆರರಲ್ಲಿ ಒಬ್ಬ ಇಲ್ಲೂ ಕಳ್ಳ ಬೀಳುತ್ತಿದ್ದ. 2006ರ ಸುಮಾರಿಗೆ ಇಲ್ಲಿನ ಸರ್ಕಾರ ಗುಂಪು ಪರೀಕ್ಷೆಯನ್ನೇ ನಿಲ್ಲಿಸಿ, ಕೆಲವು ವರ್ಷದ ಮೇಲೆ ಮತ್ತೆ ತಂದಿತು. ಹಾಸನದ ನಮ್ಮ ಗೈಡ್ ಸಾರ್‌ಗೆ ಕ್ಲಾಸು, ವ್ಯಾಲ್ಯುಯೇಷನ್ನು, ಫೈಲುಗಳ ನಡುವೆ ಉಸಿರಾಡಲೂ ಪುರುಸೊತ್ತಿರಲಿಲ್ಲ, ಅದೂ ನಿಜ. ಸೋಲ್ಡರಿಂಗ್ ಅಂತೂ ಈ ಮಕ್ಕಳಿಗಿಂತ ನಮ್ಮ ಹುಡುಗರದೇ ಚೆನ್ನ.

ಅಕ್ಕನ ಮಗಳು ಈಗ ಹಾಸನದಲ್ಲೇ ಫೈನಲ್ ಇಯರ್. "ಹತ್ತು ಸಾವಿರಕ್ಕೆ ಕೋಡು, ರಿಪೋರ್ಟು, ಪಿಪಿಟಿ ಎಲ್ಲಾ ಬರುತ್ತೆ ಮಾಮ, ತಲೆಗೆ ಎರಡೂವರೆ" ಅಂದಳು. ಕಾರೆಕೆರೆಗೆ ಹೋಗಿ ಕೇಳು ಅಂದೆ. ಪರ್ಮಿಷನ್ ಲೆಟರಿಗೆ ಇನ್ನೂ ಸಹಿ ಬಿದ್ದಿಲ್ಲವಂತೆ. ಭಾನುವಾರ ಮಾತ್ರ ತಾತನ ತೋಟಕ್ಕೆ ಹೋಗಿ ಸ್ಟಾರ್ಟರ್ ಡಬ್ಬಿ ತೆಗೆಸಿ ಫೋಟೋ ಕಳಿಸಿದ್ದಾಳೆ. ಒಳಗೆ ಹಲ್ಲಿ ಮೊಟ್ಟೆ, ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ. ಕೆಳಗೆ ಒಂದು ಸಾಲು: "ಮಾಮ, ನಿಮ್ಮ ಪ್ರಾಜೆಕ್ಟ್ ಎಲ್ಲಿದೆ ಅಂತ ತಾತ ಕೇಳ್ತಿದ್ದಾರೆ."