ಐದ್ ಮಿನಿಟ್, ನಲ್ಲಿ ನೀರ ಬಂದಾವ

ಮಾರಿ ಸಿಪ್ಪಿ ಸುಲೀಲಾಕತ್ತದ. ಮೂಗಿನ ಹೊಳ್ಳಿ ಒಳಗ ಸೈತ ಸುಟ್ಟದ ನೋಡ್ರಿ. ಹೊಸಾ ಬರ್ಫ ಇತ್ತಂದ್ರ ಬಿಸಲಿನ ಯುವಿ ಕಿರಣ 80 ಪರ್ಸೆಂಟ್ ತನಕ ತಿರುಗಿ ಮ್ಯಾಗ ಹೊಡೀತದ, ಹಳೇದು ಜರಾ ಕಮ್ಮಿ, ಆದ್ರ ನನ್ನ ಮೂಗಿಗಿ ಅಷ್ಟೇ ಸಾಕಾಯ್ತು. ಗದ್ದದ ಕೆಳಗ, ಹೊಳ್ಳಿ ಒಳಗ, ಹುಟ್ಟಿದಾಗಿಂದ ಎಲ್ಲೆಲ್ಲಿ ಬಿಸಲು ಬಿದ್ದಿಲ್ಲೋ ಅಲ್ಲೆಲ್ಲಾ ಹುಡುಕಿ ಹುಡುಕಿ ಸುಟ್ಟದ. ಇದನ್ನ ಎದುರಿನ ಮನಿ ಕಾಕಾಗ ಹೇಳಿದ್ರ ಅವರು ಪೇಪರ್ ಮಡಿಚಿಟ್ಟು "ತಮ್ಮಾ, ಇಲ್ಲೇ ಕಲಬುರಗಿದಾಗ 43 ಡಿಗ್ರಿ ಪುಕ್ಕಟ ಸಿಗ್ತಿತ್ತಲ್ಲೋ, ರೊಕ್ಕಾ ಕೊಟ್ಟು ಸುಡಸ್ಕೊಳ್ಳಾಕ ಮನಾಲಿ ತನಕ ಯಾಕ ಹೋಗಿದ್ದಿ?" ಅಂದ್ರು. ಇದಕ್ಕ ಏನ್ ಹೇಳ್ತೀರಿ. ನಾ ಏನೂ ಹೇಳ್ಲಿಲ್ಲ, ಯಾಕಂದ್ರ ನನ್ನ ಸಿಟ್ಟೆಲ್ಲಾ ಈಗ ಬ್ಯಾರೆ ಒಬ್ಬನ ಮ್ಯಾಗ ಅದ.

ಅಂವಗ ನಾವು ಐದ್ಮಿನಿಟ್ ಅಂತೀವಿ. ಇಂಜಿನಿಯರಿಂಗ್ ಓದೂ ಮುಂದ ಬಿದ್ದ ಹೆಸರು. ಬಸ್ ಸ್ಟ್ಯಾಂಡಿನಾಗ ನಿಂತು ಫೋನ್ ಹಚ್ಚಿದ್ರ "ಐದ್ ಮಿನಿಟ್, ಬಂದೆ" ಅಂತಿದ್ದ, ಹಿಂದ ಸ್ನಾನದ ಬಕೀಟಿನ ಸಪ್ಪಳ ಕೇಳ್ತಿತ್ತು. ನಿಮ್ಮ ಗ್ಯಾಂಗಿನಾಗೂ ಒಬ್ಬ ಇದ್ದೇ ಇರ್ತಾನ. ಊರಾಗ ಇಂಥವನ್ನ ಸಂಭಾಳಿಸಬಹುದು, ಆರಕ್ಕ ಬರಬೇಕಂದ್ರ ಐದಕ್ಕ ಬಾ ಅಂದ್ರಾಯ್ತು. ಆದ್ರ ಮೇ ತಿಂಗಳಾಗ ಬರ್ಫದ ಸಂದ್ಯಾಗ ಸ್ಕೀ ಮಾಡಾಕ ಹೊಂಟಾಗ?

ಇದೇನ್ ಹುಚ್ಚು ಅಂತ ಕೇಳ್ತೀರಿ, ಹೇಳ್ತೀನಿ. ನಮ್ಮ ಹಳೇ ಊರಾಗ ಎರಡು ಮನಿ ಗ್ವಾಡಿ ನಡುವ ಒಬ್ಬ ಮನಷಾ ಅಡ್ಡಾಗಿ ಹೋಗೂವಂಥ ಸಂದಿ ಇರ್ತದಲ್ಲ, ಅದನ್ನೇ ಗುಡ್ಡದಷ್ಟು ದೊಡ್ಡದು ಮಾಡಿ, ಎತ್ತಿ ಏಣಿ ಹಚ್ಚಿದಂಗ ನಿಂದ್ರಿಸಿ, ತುಂಬ ಬರ್ಫ ತುಂಬಿದ್ರ ಅದು ಕುಲ್ವಾರ್. ಎರಡೂ ಕಡಿ ಬಂಡಿಗಲ್ಲು, ನೆಳ್ಳು ಹೆಚ್ಚು, ಹಂಗಾಗಿ ಸುತ್ತಮುತ್ತ ಎಲ್ಲಾ ಕರಗಿದ್ರೂ ಇಲ್ಲಿ ಬರ್ಫ ಉಳೀತದ. 40, 45 ಡಿಗ್ರಿ ಇಳಿಜಾರು. ಇಲ್ಲಿ ಲಿಫ್ಟ್ ಇಲ್ಲ, ರೋಪ್‌ವೇ ಇಲ್ಲ, ಸ್ಕೀ ಬೆನ್ನಿಗಿ ಕಟ್ಕೊಂಡು, ಬೂಟಿಗಿ ಕಬ್ಬಿಣದ ಮುಳ್ಳು ಹಾಕ್ಕೊಂಡು, ಐಸ್ ಕೊಡಲಿ ಊರ್ಕೊಂತ ಏರಬೇಕು. ಏರಿ ಏನ್ ಮಾಡ್ತೀರಿ ಅಂದ್ರ, ಮತ್ತ ಕೆಳಗ ಬರ್ತೀವಿ. ಹೌದ್ರಿ, ಅಷ್ಟೇ.

ಈ ಹುಚ್ಚು ಹಿಡಿದದ್ದು ಮನಾಲಿದಾಗಿನ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆದಾಗ ಸ್ಕೀ ಕೋರ್ಸ್ ಮಾಡಿದ ಮ್ಯಾಗ. ಈಗ ಒಬ್ಬ ಪುಣೆದಾಗ, ಒಬ್ಬ ಹೈದರಾಬಾದಿನಾಗ, ನಾನು ಐದ್ಮಿನಿಟ್ ಇಬ್ಬರೇ ಊರಾಗ. ಕಾಲು ಗಟ್ಟಿ ಆಗ್ಲಿ ಅಂತ ಕಲ್ಲು ತುಂಬಿದ ಬ್ಯಾಗ್ ಹೊತ್ಕೊಂಡು ಯಾದಗಿರಿ ಕೋಟಿ ಹತ್ತಿ ಇಳಿದೀವಿ, ಕುರಿ ಕಾಯೋ ಹುಡುಗ ಒಬ್ಬ ಕುಂತು ಬೀಡಿ ಸೇದ್ಕೊಂತ ನಮ್ಮನ್ನೇ ನೋಡ್ತಿದ್ದ.

ಬ್ಯಾಸಗಿ ಬರ್ಫದ ಲೆಕ್ಕಾ ಏನಂದ್ರ, ರಾತ್ರಿ ಅದು ಕಲ್ಲಾಗಿ ಹೆಪ್ಪುಗಟ್ಟತದ, ಮುಂಜಾನಿ ಬಿಸಲು ಬಿದ್ದ ಮ್ಯಾಗ ಮ್ಯಾಗಿನ ಒಂದೆರಡು ಬೆರಳಷ್ಟು ಮಾತ್ರ ಮೆತ್ತಗಾಗತದ. ಆ ಹೊತ್ತಿನಾಗ ಸ್ಕೀ ಹೊಡದ್ರ ಅದರ ಸುಖಾನೇ ಬ್ಯಾರೆ. ಒಂದು ತಾಸು, ಭಾಳ ಆದ್ರ ಎರಡು. ಆಮ್ಯಾಗ ಅದು ಪೂರಾ ನೀರುನೀರು ಆಗಿ ತಾನೇ ಜಾರಾಕ ಸುರು ಮಾಡತದ, ಹಿಡದು ನಿಂದ್ರಿಸಿದ ಬರ್ಫ ಕರಗಿ ಮ್ಯಾಗಿಂದ ಕಲ್ಲು ಉದುರ್ತಾವ. ಅದಕ್ಕೇ ಗೈಡ್ ಭಯ್ಯಾ ರಾತ್ರಿ ಎರಡಕ್ಕ ಬಿಡೋಣ ಅಂದಿದ್ದ. ಎರಡಕ್ಕ ನಾವೆಲ್ಲಾ ಹೆಲ್ಮೆಟ್ ಲೈಟ್ ಹಚ್ಕೊಂಡು ನಡಗ್ಕೊಂತ ನಿಂತೀವಿ, ಟೆಂಟಿನ ಒಳಗಿಂದ "ಐದ್ ಮಿನಿಟ್!" ಮೊದಲು ಒಂದು ಸಾಕ್ಸ್ ಸಿಗಲಿಲ್ಲ. ಆಮ್ಯಾಗ ಶೇಂಗಾ ಹಿಂಡಿ ಡಬ್ಬಿ ಮುಚ್ಚಳ ಸಿಗಲಿಲ್ಲ. ಕಡಕ್ ರೊಟ್ಟಿ ಮುರೀಬಾರದು ಅಂತ ಇಡೀ ಬ್ಯಾಗ್ ಬಿಚ್ಚಿ ಮತ್ತ ತುಂಬಿದ. ಮೂರೂ ಕಾಲಿಗಿ ಬಿಟ್ವಿ.

ಹೆಂಗೋ ಏರಿದ್ವಿ. ಮನಾಲಿ ಮ್ಯಾಗಿನ ರೋಹ್ತಾಂಗ್ ಕಣಿವಿನೇ 3,978 ಮೀಟರ್, ಆ ಕಡಿ ಗುಡ್ಡದಾಗ ಹತ್ತು ಹೆಜ್ಜಿಗಿ ಒಮ್ಮಿ ಉಸಿರು ಹುಡುಕಬೇಕು. ತುದಿಗಿ ಮುಟ್ಟೋದ್ರಾಗ ಬಿಸಲು ಮ್ಯಾಗಿನ ಬಂಡಿಗಿ ಬಿದ್ದಿತ್ತು. ಗೈಡ್ "ಜಲ್ದಿ, ಜಲ್ದಿ" ಅಂದ. ಮುಳ್ಳು ಬಿಚ್ಚಿ, ಸ್ಕೀ ಹಾಕ್ಕೊಂಡು, ಒಬ್ಬರ ಹಿಂದ ಒಬ್ಬರು ಇಳೀಬೇಕು ಅಂತ ರೆಡಿ ಆಗಿ ನಿಂತೀವಿ. ಆವಾಗ ಬಂತು ನೋಡ್ರಿ ಫೋನು.

ಎಲ್ಲರ ಎದಿ ಮ್ಯಾಗ ಒಂದೊಂದು ಬೀಕನ್ ಇರ್ತದ, 457 ಕಿಲೋಹರ್ಟ್ಸ್‌ನಾಗ ಸಿಗ್ನಲ್ ಬಿಡ್ತಿರ್ತದ, ಬರ್ಫದಾಗ ಹೂತ್ರ ಹುಡುಕಾಕ. ಫೋನ್ ಅದಕ್ಕ ಗಡಬಡಿ ಮಾಡತದ, ಅದಕ್ಕ ಫೋನ್ ಬಂದ್ ಇಡ್ರಿ ಅಂತ ಗೈಡ್ ಸಂಜಿ ಮುಂಜಾನಿ ಹೇಳಿದ್ದ. ಐದ್ಮಿನಿಟ್‌ನ ಫೋನ್ ಚಾಲೂ ಇತ್ತು. ಆ ತುದಿಗಿ ಮನಾಲಿ ಕಡಿ ಕಣಿವಿ ಕಾಣತದ, ಎರಡು ಕಡ್ಡಿ ನೆಟ್‌ವರ್ಕ್ ಬೇರೆ.

"ಏ ತಮ್ಮಾ, ನಲ್ಲಿ ನೀರ ಬಂದಾವ! ಮೋಟರ್ ಗುಂಯ್ ಅಂತದ, ನೀರ ಮ್ಯಾಗ ಏರವಲ್ದು!"

"ಯವ್ವಾ, ಐದ್ ಮಿನಿಟ್ ಬಿಟ್ಟು ಮಾಡ್ತೀನಿ."

"ಐದ್ ಮಿನಿಟಿನಾಗ ನೀರ ಹೋಗ್ತಾವಲೇ!"

ಅವನ ಜನ್ಮದಾಗ ಯಾರೂ ಹಿಂಗ ತಿರುಗಿ ಹೇಳಿದ್ದಿಲ್ಲ. ಅಂವ ಅಲ್ಲೇ ಕೊಡಲಿ ಊರಿ, ಒಂದು ಮೊಳಕಾಲು ಬರ್ಫಕ್ಕ ಹಚ್ಚಿ ಕುಂತ. "ಮೋಟರ್ ಮ್ಯಾಗ ಒಂದು ನಟ್ ಅದ, ಅದನ್ನ ಬಿಚ್ಚಿ ಒಂದು ಚರಗಿ ನೀರ ಹಾಕು."

"ನೀರ ಎತ್ತಂದ್ರ ಎತ್ತವಲ್ದಂತ ಹೇಳಿದ್ರ ಅದಕ್ಕೇ ಇನ್ನಾ ನೀರ ಹಾಕಂತಿ? ಅಲ್ಲಾ, ಅಷ್ಟು ಗಾಳಿ ಸಪ್ಪಳ ಯಾಕ ಬರ್ಲಾಕತ್ತದ, ಕೂಲರ್ ಮುಂದ ಕುಂತೀಯೇನು?"

"ಗುಡ್ಡದ ಮ್ಯಾಗ ಇದ್ದೀನವ್ವಾ."

"ಗುಡ್ಡದ ಮ್ಯಾಗ ಬಿಸಲಾಗ ಏನ್ ಮಾಡ್ತಿ, ನೆಳ್ಳಿಗಿ ಕುಂದ್ರು."

ಪಕ್ಕದಿಂದ ಎರಡು ಸಣ್ಣ ಕಲ್ಲು ಟಣ್ ಟಣ್ ಅಂತ ಕೆಳಗ ಹೋದ್ವು. ನಾನು ಹಲ್ಲು ಕಡೀಲಾಕತ್ತೀನಿ, ಪುಣೆದಂವ ವಾಚ್ ನೋಡ್ಲಾಕತ್ತಾನ, ಅತ್ಲಾಗ ಚರಗಿ ನೀರ ಹಾಕಿದ್ರೂ ಮೋಟರ್ ಮತ್ತ ಬರೇ ಗುಂಯ್. ಗೈಡ್ ಸಿಟ್ಟಿಲೆ ಬಂದ, ಈಗ ಫೋನ್ ಕಸ್ಕೊಂಡು ಕಣಿವಿಗಿ ಒಗೀತಾನ ಅಂತ ನಾ ಖುಷಿ ಆದೆ. ಅಂವ ಬಗ್ಗಿ ಏನ್ ಪ್ರಾಬ್ಲಂ ಅಂತ ಕೇಳಿದ. ಇಂವ ಹೇಳಿದ. ಅಂವ ಜರಾ ಇಚಾರ ಮಾಡಿ "ಫುಟ್‌ವಾಲ್ವ್ ಗಯಾ" ಅಂದ, ಅಂದ್ರ ಪೈಪಿನ ತಳದಾಗ ನೀರ ಹಿಡದಿಡೋ ವಾಲ್ವ್ ಕೆಟ್ಟದ ಅಂತ. ಯಾಕಂದ್ರ ಅವಂದೂ ಸೇಬಿನ ತೋಟ ಅದ, ಅಲ್ಲೂ ಮೋಟರ್ ಅದ, ಅಲ್ಲೂ ಫುಟ್‌ವಾಲ್ವ್ ಹೋಗಿತ್ತಂತ! ಫೋನ್ ಇಸ್ಕೊಂಡ. "ಮಾತಾಜೀ, ಪೈಪ್ ಹಿಲಾಯಿಯೇ" ಅಂತ ಸುರು ಮಾಡಿದ. ಅವ್ವ ತನ್ನ ಕಲಬುರಗಿ ಹಿಂದಿದಾಗ "ಹಿಲಾಯಿ ರೇ, ನಕ್ಕೋ ಬೋಲ್ತಾ" ಅಂತ ಉತ್ತರ ಕೊಡ್ಲಾಕತ್ಲು. 45 ಡಿಗ್ರಿ ಇಳಿಜಾರಿನ ತುದಿಗಿ, ಎದಿ ಮ್ಯಾಗ ಬೀಕನ್ ಕಟ್ಕೊಂಡು, ಪೈಪ್ ಅಲುಗಾಡಿಸೋದು ಹೆಂಗ ಅಂತ ಪಾಠ ನಡೀತು.

ಕಡೀಕ ಆ ಕಡಿಂದ "ಏರಿದ್ವು, ಏರಿದ್ವು, ಮ್ಯಾಗಿನ ಟಾಕ್ಯಾಗ ಬೀಳ್ಲಾಕತ್ತಾವ" ಅಂತ ಚೀರಿದ್ದು ಕೇಳಿಸ್ತು. ನಂಗ ಸಿಟ್ಟಿನಾಗೂ ಒಂಥರಾ ಆಯ್ತು. ನಮ್ಮ ಕಾಲ ಕೆಳಗ ಇರೋದೆಲ್ಲಾ ನೀರು, ಕರಗಿ ಬಿಯಾಸ್ ನದಿಗಿ ಹರೀತದ, ಕೇಳೋರಿಲ್ಲ. ನಮ್ಮ ಭೀಮಾ ಹುಟ್ಟೋ ಭೀಮಾಶಂಕರದಾಗ ಬರ್ಫ ಇಲ್ಲ, ಮಳಿ ಬಂದ್ರ ಉಂಟು ಇಲ್ಲಾಂದ್ರ ಇಲ್ಲ. ಮೇ ತಿಂಗಳಾಗ ನಲ್ಲಿ ಸಪ್ಪಳಕ್ಕ ನಿದ್ದಿಗಣ್ಣಾಗ ಎದ್ದು ಕೊಡ ಹಿಡ್ಕೊಂಡು ಓಡಿದ್ದು ನಾವೂ ಅಲ್ಲೇನ್ರಿ. ಅವ್ವ ಫೋನ್ ಹಚ್ಚಿದ್ದು ತಪ್ಪಲ್ಲ.

ಆದ್ರ ಬರ್ಫಕ್ಕ ಇದು ಗೊತ್ತಿಲ್ಲ. ಪೂರಾ ಅಂಬಲಿ ಆಗಿತ್ತು. ವರ್ಷಾನುಗಟ್ಟಲೆ ಕನಸು ಕಂಡ ಟರ್ನ್ ಎಲ್ಲಾ ಬಿಟ್ಟು, ಸ್ಕೀ ಅಡ್ಡ ಹಿಡ್ಕೊಂಡು, ಒಂದೊಂದು ಗೇಣು ಕೆರ್ಕೊಂತ ಕೆಳಗ ಬಂದ್ವಿ, ಪ್ರತೀ ಸಲ ನಮಗಿಂತ ಮೊದ್ಲು ಒಂದು ಗುಡ್ಡಿ ಬರ್ಫ ಬುಸ್ ಅಂತ ಜಾರಿ ಹೋಗ್ತಿತ್ತು. ಕೆಳಗ ಬಂದು ಹೆಲ್ಮೆಟ್ ತಗದ್ರ ಐದ್ಮಿನಿಟ್ ಬರ್ಫದ ಮ್ಯಾಗ ಮಲಗಿ "ಐದ್ ಮಿನಿಟ್ ರೆಸ್ಟ್ ಲೇ" ಅಂದ. ಪುಣೆದಂವ ಕೊಡಲಿ ಕಡಿ ನೋಡಿದ, ನಾನೇ ತಡದೆ.

ಮೊನ್ನಿ ಮತ್ತ ನೀರ ಬಂದಿದ್ವು, ಮತ್ತ ಮೋಟರ್ ಗುಂಯ್ ಅಂತು. ಮಗ ಒಳಗೇ ಇದ್ದ, ಐದ್ ಮಿನಿಟ್ ಅಂತ ಮಲಗಿದ್ದ. ಅವ್ವ ಅವನ್ನ ಎಬ್ಬಿಸಲಿಲ್ಲ, ಸೀದಾ ಮನಾಲಿಗಿ ಫೋನ್ ಹಚ್ಯಾಳ. ಅಂವ ಒಂದೇ ರಿಂಗಿಗಿ ಎತ್ತಿದ್ನಂತ.